ಕಲ್ಲಿನ ಮೇಲೆ ಹರವಿದ ಬಟ್ಟೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳದು ಇಪ್ಪತ್ತೆರಡು ವರ್ಷದ ಸರ್ವೀಸು. ರಕ್ತ ಹತ್ತಿದ ಬೆಡ್‌ಶೀಟನ್ನು ಮೊದಲು ತಣ್ಣೀರಿಗೇ ಹಾಕಬೇಕು, ಬಿಸಿನೀರು ಬಿದ್ದರೆ ಕಲೆ ಕೂತುಬಿಡುತ್ತದೆ ಎಂದು ಹೊಸಬರಿಗೆಲ್ಲ ಕಲಿಸಿದವಳು ಅವಳೇ. ಮಷಿನ್ನು ಕೆಟ್ಟ ದಿನ ರಾಶಿ ರಾಶಿ ಶೀಟುಗಳನ್ನು ಕೈಯಲ್ಲೇ ಹಿಂಡಿದವಳೂ ಅವಳೇ. ಅಲ್ಲಿ ಎಲ್ಲರಿಗೂ ಅವಳು ಅಕ್ಕ. ಯಾರು ರಜೆ ಹಾಕಿದರೂ ಅವರ ಪಾಳಿ ಅಕ್ಕನ ತಲೆಗೆ. "ನಮ್ಮಕ್ಕ ಬಂಗಾರ" ಎನ್ನುತ್ತಿದ್ದ ಮೇಲ್ವಿಚಾರಕ.

ಒಂದು ಭಾನುವಾರ ಮಧ್ಯಾಹ್ನ ತಂಗಿಯ ಮಗಳು ಅವಳನ್ನು ತನ್ನ ಕಾಲೇಜಿನ ಫಿಲ್ಮ್ ಕ್ಲಬ್ಬಿಗೆ ಕರೆದೊಯ್ದಳು. ಇಟಲಿಯ ಸಿನಿಮಾ, ಅಜ್ಜಿಕತೆಯ ಹಾಗಿತ್ತು. ಬೆಟ್ಟದೂರಿನ ಅನಾಥ ಹುಡುಗಿಯೊಬ್ಬಳು ಊರವರ ಬಟ್ಟೆಯನ್ನೆಲ್ಲ ಹೊಳೆಯಲ್ಲಿ ಒಗೆಯುತ್ತಾಳೆ. ಚಳಿಗಾಲದ ಒಂದು ಬೆಳಗ್ಗೆ, ಬಟ್ಟೆ ಹಿಂಡುತ್ತಿದ್ದ ಹಾಗೆಯೇ ಕಲ್ಲಾಗಿಬಿಡುತ್ತಾಳೆ. ಊರವರು ಬಂದು ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಒದ್ದೆ ಬಟ್ಟೆಯನ್ನು ಆ ಕಲ್ಲಿನ ಮೇಲೆ ಹರವಿ ಹೋಗುತ್ತಾರೆ. ಅಲ್ಲಿಗೆ ಸಿನಿಮಾ ಮುಗಿಯಿತು.

ಕಾಲೇಜಿನ ಮೇಷ್ಟ್ರು ಮೈಕು ಹಿಡಿದರು. "ಇದು ನಿಸ್ವಾರ್ಥ ಪ್ರೀತಿಯ ಗೆಲುವು. ಕಲ್ಲಾದ್ರೂ ಆಕೆ ಕೊಡ್ತಾನೇ ಇದಾಳೆ. ಮುಖದ ಮೇಲಿನ ಶಾಂತಿ ನೋಡಿದ್ರಲ್ಲ?"

ಅಕ್ಕನ ಕಿವಿ ಬಿಸಿಯಾಯಿತು. ಸೆರಗು ಹಿಡಿದೆಳೆದ ತಂಗಿಯ ಮಗಳ ಕೈ ಕೊಡವಿ ಎದ್ದು ನಿಂತಳು.

"ಯಾವ ಶಾಂತಿ ಸಾರ್? ಅವಳು ಹಲ್ಲು ಕಚ್ಕೊಂಡಿದಾಳೆ. ಒದ್ದೆ ಬೆಡ್‌ಶೀಟು ಒಬ್ಬರೇ ಹಿಂಡಿ ನೋಡಿ, ನಿಮ್ಮ ಬಾಯೂ ಹಾಗೇ ಆಗುತ್ತೆ."

ಹಿಂದೆ ಯಾರೋ ಕಿಸಕ್ಕೆಂದರು. ಮೇಷ್ಟ್ರೂ ನಕ್ಕರು. "ಅಮ್ಮಾ, ಇದು ನೀತಿಕತೆ ಥರ. ಇದ್ದದ್ದು ಇದ್ದ ಹಾಗೇ ತಗೋಬಾರದು."

"ನೀತಿ ಯಾರಿಗೆ? ಆ ಹುಡುಗಿ ನಿಂತಲ್ಲೇ ಸತ್ತಿದಾಳೆ, ಇವರು ಅವಳ ಮೈಮೇಲೇ ಬಟ್ಟೆ ಒಣಗಿಸ್ತಾರೆ! ಅವಳ ಕೈಯಲ್ಲಿರೋದನ್ನ ಬಿಡಿಸೋಣ ಅಂತ ಒಬ್ಬರಿಗೂ ಅನ್ನಿಸಲಿಲ್ಲ. ನೀವು ಇದಕ್ಕೆ ಪ್ರೀತಿ ಅಂತೀರಿ. ನಾಚಿಕೆ ಆಗಲ್ವಾ?"

"ಇದೂ ಒಂದು ದೃಷ್ಟಿಕೋನ" ಎಂದು ಮೇಷ್ಟ್ರು ಮೈಕನ್ನು ಮುಂದಿನವರಿಗೆ ದಾಟಿಸಿದರು. ಆ ನಗುವಿಗಿಂತ ಈ ಮಾತೇ ಅವಳನ್ನು ಹೆಚ್ಚು ಉರಿಸಿತು.

"ಎಲ್ಲರೆದುರು ನನ್ನ ಮಾನ ತೆಗೆದೆ, ದೊಡ್ಡಮ್ಮ" ಎಂದಳು ಹುಡುಗಿ, ಬಸ್ಸಿನಲ್ಲಿ. "ಆ ಕೊನೇ ದೃಶ್ಯ ಎಷ್ಟು ಚೆನ್ನಾಗಿತ್ತು!"

"ಸಿನಿಮಾ ತೆಗೆದವನಿಗೆ ಗೊತ್ತಿತ್ತು ಕಣೇ. ಅದಕ್ಕೇ ಆ ಬಟ್ಟೆಯಿಂದ ನೀರು ತೊಟ್ಟಿಕ್ಕೋದನ್ನ ಅಷ್ಟು ಹೊತ್ತು ತೋರಿಸಿದ್ದು. ಗೊತ್ತಾಗದೇ ಇದ್ದದ್ದು ನಿಮ್ಮ ಮೇಷ್ಟ್ರಿಗೆ."

ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮರುದಿನ ಮೇಲ್ವಿಚಾರಕ ಬಂದ. "ಅಕ್ಕಾ, ಇವತ್ತು ಒಬ್ಬಳು ಕೈ ಕೊಟ್ಟಿದಾಳೆ. ಸಂಜೆ ಪಾಳೀನೂ ನೀವೇ ನೋಡ್ಕೊಂಡ್ಬಿಡಿ."

"ಆಗಲ್ಲ."

"ಯಾಕೆ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಆಗಲ್ಲ ಅಂದೆ."

ಅವನ ಮುಖ ಸಣ್ಣದಾಯಿತು. ಆ ವಾರವೇ ಅವಳನ್ನು ಒಗೆದ ಬಟ್ಟೆ ಮಡಚುವ ಮೇಜಿನಿಂದ ಎಬ್ಬಿಸಿ, ಕೊಳೆ ಬಟ್ಟೆ ವಿಂಗಡಿಸುವ ಕೋಣೆಗೆ ಹಾಕಿದ. ಆ ವಾಸನೆಗೆ ಹೊಸಬರು ತಿಂಗಳೂ ನಿಲ್ಲುತ್ತಿರಲಿಲ್ಲ. ಅಕ್ಕ ಗವಸು ಏರಿಸಿ ಒಳಗೆ ಹೋದಳು. ಆದರೆ ಎರಡನೇ ಪಾಳಿಗೆ ಮತ್ತೆಂದೂ ನಿಲ್ಲಲಿಲ್ಲ. ತನ್ನ ಪಾಳಿ ಮುಗಿದು ಗಂಟೆ ನಾಲ್ಕಾದರೆ ಸಾಕು, ಅರ್ಧಕ್ಕೆ ಉಳಿದ ರಾಶಿಯನ್ನು ತಿರುಗಿಯೂ ನೋಡದೆ ಹೊರಟುಬಿಡುತ್ತಿದ್ದಳು.