ಮುದುಕನ ಒಂದು ಗಂಟೆಯ ಪರೀಕ್ಷೆ

ನಮ್ಮಕ್ಕ ಕರ್ಟನ್ ಹೊಲಿಯುವವಳು. ಊರಿನ ಅರ್ಧ ಕಿಟಕಿಗಳ ಅಳತೆ ಅವಳಿಗೆ ಬಾಯಿಪಾಠ, ತನ್ನದು ಅನ್ನುವ ಕಿಟಕಿ ಮಾತ್ರ ಒಂದೂ ಇಲ್ಲ. ಹದಿನಾಲ್ಕು ವರ್ಷ ಬಾಡಿಗೆಗಿದ್ದ ಮನೆಯ ಯಜಮಾನರು ತೀರಿಕೊಂಡ ಮೇಲೆ ಅವರ ಮಗ ಬಂದು, "ಭಾನುವಾರದೊಳಗೆ ನಾಯಿ ಹೋಗ್ಬೇಕು, ಇಲ್ಲ ನೀವೇ ಹೋಗ್ಬೇಕು" ಎಂದುಬಿಟ್ಟ. ನನ್ನ ಮನೆಗೆ ಕರೆಯೋಣವೆಂದರೆ ನನ್ನ ಗಂಡನಿಗೆ ನಾಯಿ ಹತ್ತಿರ ಬಂದರೆ ಉಬ್ಬಸ. ಉಳಿದದ್ದು ಊರಾಚೆಯ ಪ್ರಾಣಿಗಳ ಆಶ್ರಮ. ಆ ಮಾತೆತ್ತಿದರೆ ಅಕ್ಕ ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದಳು.

ನಾಯಿಯ ಹೆಸರು ಮುದುಕ. ಮರಿಯಾಗಿದ್ದಾಗಲೇ ಗಡ್ಡ ಬೆಳ್ಳಗಿತ್ತು, ಅದಕ್ಕೆ. ಈಗ ಹನ್ನೊಂದು ವರ್ಷವಾಗಿ ಹೆಸರಿಗೆ ತಕ್ಕ ವಯಸ್ಸೂ ಬಂದಿದೆ. "ನಾನಿಲ್ದೆ ಅವನು ಒಂದು ಗಳಿಗೆ ಇರಲ್ಲ ಕಣೇ" ಎನ್ನುವುದು ಅಕ್ಕನ ಪಲ್ಲವಿ. ಅಳತೆಗೆ ಹೋದರೂ ಅವನು ಜೊತೆಗೇ. ನನ್ನ ಮಗಳ ಮದುವೆಯಲ್ಲಿ ಅವನನ್ನು ಹಿಡಿದುಕೊಂಡು ಗೇಟಿನ ಹೊರಗೇ ನಿಂತಿದ್ದಳು. ಮದುವೆಯಾಗುತ್ತೇನೆಂದು ಬಂದ ಗಡಿಯಾರ ರಿಪೇರಿಯವನನ್ನೂ ಇದೇ ಮಾತು ಹೇಳಿ ಸಾಗಹಾಕಿದಳು. ನನಗೆ ಆ ನಾಯಿಯ ಮೇಲೆ ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ.

ಶುಕ್ರವಾರ ಒಂದು ಮನೆ ಕಣ್ಣಿಗೆ ಬಿತ್ತು, ಈಗ ಎಲ್ಲರೂ ಮುಗಿಬೀಳುವ ಬೀದಿಯಲ್ಲಿ. ಹಳೆಯ ಗೋದಾಮುಗಳೆಲ್ಲ ಕಾಫಿ ಅಂಗಡಿಗಳಾಗಿವೆ. ಗೋಡೆಯ ಗಾರೆ ಕಿತ್ತು ಇಟ್ಟಿಗೆ ತೋರಿಸುವುದೇ ಅಲಂಕಾರ.

"ಪಾಪ, ಗಾರೆ ಮಾಡ್ಸೋಕೆ ಗತಿ ಇಲ್ವೇನೋ" ಎಂದಳು ಅಕ್ಕ.

ಗೇಟಿನ ಮೇಲೆ "ಸಾಕುಪ್ರಾಣಿಗಳಿಗೆ ಸ್ವಾಗತ" ಎಂಬ ಬೋರ್ಡು. ಷರತ್ತು ತಿಳಿದದ್ದು ಒಳಗೆ ಹೋದ ಮೇಲೆ. ನಾಯಿಯನ್ನು ಖಾಲಿ ಮನೆಯಲ್ಲಿ ಒಂದು ಗಂಟೆ ಒಂಟಿಯಾಗಿ ಬಿಡಬೇಕು. ಬೊಗಳಿದರೆ, ಊಳಿಟ್ಟರೆ, ಮನೆ ಇಲ್ಲ. ಅಷ್ಟು ಹೊತ್ತು ನಾವು ಅದರ ಕೆಳಗಿನ ಮನೆಯಲ್ಲಿ, ಕಟ್ಟಡದ ಕಾರ್ಯದರ್ಶಿ ಮೇಡಂ ಎದುರು ಕೂತಿರಬೇಕು.

ಅಕ್ಕ ಕೂರುವ ಪೈಕಿಯೇ? ಬಾಲ ಸುಟ್ಟ ಬೆಕ್ಕಿನಂತೆ ಕಿಟಕಿಗೂ ಬಾಗಿಲಿಗೂ ತಿರುಗಾಡಿದಳು. ಮೇಡಂ ಮನೆಯ ಕರ್ಟನ್ನಿನ ಅಂಚು ತಿರುವಿ ನೋಡಿ ಮೂತಿ ಸೊಟ್ಟ ಮಾಡಿದಳು. ಆಮೇಲೆ ಮೂಲೆಯ ಮೇಜು ಕಂಡಿತು. ಹಳೆಯ ಹೊಲಿಗೆ ಮಷೀನಿನ ಸ್ಟ್ಯಾಂಡಿಗೆ ಗಾಜು ಕೂರಿಸಿದ ಮೇಜು. ಮಷೀನು ಇಲ್ಲ, ಪೆಡಲು ಮತ್ತು ಚಕ್ರ ಹಾಗೇ ಇವೆ. ಹೋಗಿ ಕೂತವಳೇ ತುಳಿಯತೊಡಗಿದಳು.

"ಅದು ಟೇಬಲ್ ಕಣ್ರೀ" ಎಂದರು ಮೇಡಂ.

"ಗೊತ್ತು ಮೇಡಂ. ಈ ಸದ್ದು ಕೇಳಿದ್ರೆ ಅವನು ನಾನಿದ್ದೀನಿ ಅಂದ್ಕೊಂಡು ಮಲಗ್ತಾನೆ."

ಕಟಕಟ, ಕಟಕಟ. ನಾನು ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಮೇಲಿನಿಂದ ಒಂದು ಕುಂಯ್ ಕೂಡ ಇಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಮೇಡಂ ಬಂದು ಅವಳ ಹೆಗಲ ಮೇಲೆ ಕೈಯಿಟ್ಟರು.

"ಇದು ಮೋಸ ಆಗುತ್ತಮ್ಮ. ಕಾಲು ತೆಗೀರಿ. ಗಂಟೆ ಈಗ ಶುರು."

ಅಕ್ಕ ಕಾಲು ತೆಗೆದಳು. ಕಣ್ಣು ಮುಚ್ಚಿ, ಇನ್ನೇನು ಊಳಿಡುತ್ತಾನೆ ಎಂದು ಕಾದಳು. ಐದು ನಿಮಿಷ, ಹತ್ತು ನಿಮಿಷ. ಅರ್ಧ ಗಂಟೆಗೆ ಅವಳ ಮುಖದ ಬಣ್ಣವೇ ಬದಲಾಯಿತು.

"ಸತ್ತುಗಿತ್ತು ಹೋದ್ನೇನೇ?"

"ಬಿಡ್ತು ಅನ್ನು, ಸುಮ್ನೆ ಕೂತ್ಕೋ."

ಗಂಟೆ ಮುಗಿಯುತ್ತಲೇ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹೋದಳು. ಮುದುಕ ಕಿಟಕಿಯ ಬಿಸಿಲಿನಲ್ಲಿ ನಾಲ್ಕೂ ಕಾಲು ಮೇಲೆ ಮಾಡಿ ಗೊರಕೆ ಹೊಡೆಯುತ್ತಿದ್ದ. ಬಾಗಿಲ ಸದ್ದಿಗೆ ಒಂದು ಕಣ್ಣು ತೆರೆದು, ಎರಡು ಸಲ ಬಾಲ ಬಡಿದು, ಮತ್ತೆ ಮಲಗಿದ.

"ಇಂಥ ಒಳ್ಳೆ ಬಾಡಿಗೆದಾರನ್ನ ನಾನು ನೋಡೇ ಇಲ್ಲ" ಎಂದು ನಗುತ್ತಾ ಮೇಡಂ ಬೀಗದ ಕೈ ಚಾಚಿದರು.

ಅಕ್ಕ ಕೈ ಮುಂದೆ ಮಾಡಲಿಲ್ಲ. ನಾಯಿಯನ್ನೇ ನೋಡುತ್ತಿದ್ದವಳ ಕಣ್ಣು ತುಂಬಿತು.

"ಮನೆ ಸಿಕ್ತಲ್ಲೇ, ಇನ್ನೇನು ಅಳು?" ಎಂದೆ.

"ಹಾಗಾದ್ರೆ ಇಷ್ಟು ವರ್ಷ ನಾನ್ಯಾಕೆ ಎಲ್ಲೂ ಹೋಗ್ಲಿಲ್ಲ?"

ಮೇಡಂ ಕೈ ಇನ್ನೂ ಚಾಚಿಕೊಂಡೇ ಇತ್ತು. ಬೀಗದ ಕೈಯನ್ನು ನಾನೇ ತೆಗೆದುಕೊಂಡೆ.