ಮೂವರ ಗುಣಲಬ್ಧ

ರಿಟೈರ್ ಆಗಿ ಎಷ್ಟೋ ವರ್ಷವಾದ ಮೇಲೆ, ಕನ್ನಡದಲ್ಲೇ ಒಂದು ಮ್ಯಾಥ್ಸ್ ಲೆಕ್ಚರ್ ಕೊಡಿ ಅಂತ ಕಾಲೇಜಿನವರು ಕೇಳಿದರು. ಬೇಡವಾಗಿತ್ತು. ಒಪ್ಪಿಕೊಂಡುಬಿಟ್ಟೆ. ಒಂದು ಆಕಾರದಲ್ಲಿ ಎಲ್ಲಿ ತೂತಿದೆ ಅನ್ನೋದನ್ನ ಬೀಜಗಣಿತದ ರಿಂಗ್ ಒಂದರಿಂದ ಹೇಳುವ ವಿಷಯ ಅದು. ಕಾನ್ವೆಂಟ್ ಇಂಗ್ಲಿಷಿನಲ್ಲಿ ಬೆಳೆದವಳು ನಾನು, ಪದಪದಕ್ಕೂ ಸುಸ್ತಾಯಿತು. ರಿಂಗ್‌ಗೆ ‘ವಲಯ’ ಅಂತ ಬರೆದು, ವಿಜಯನಗರದ ನಮ್ಮ ಮನೆಗೆ ಬಂದಿದ್ದ ರಾಜಾಜಿನಗರದ ಗೆಳತಿಗೆ ತೋರಿಸಿದೆ.

“ಯಾವ ವಲಯ ಕಣೇ? ಕಾರ್ಪೊರೇಷನ್ನಿನ ಪಶ್ಚಿಮ ವಲಯಾನಾ? ಹಾಗಾದ್ರೆ ಕಸದ ಕಂಪ್ಲೇಂಟ್ ನಿನಗೇ ಕೊಡ್ತೀನಿ.”

ಅವಳಿಗೆ ಕಿವಿ ಹೆಚ್ಚುಕಮ್ಮಿ ಹೋಗಿದೆ. ತುಟಿ ನೋಡಿ ಮಾತು ಹಿಡಿಯುತ್ತಾಳೆ. ಕಾನ್ವೆಂಟಿನಿಂದ ಜೊತೆಗಿರುವ ನಮ್ಮ ಮೂವರನ್ನೇ ಲೆಕ್ಕಕ್ಕೆ ಹಿಡಿದು ಬಿಡಿಸಿ ಬಿಡಿಸಿ ಹೇಳಿದೆ. “ನೀನು, ನಾನು, ಕೆಂಗೇರಿಯವಳು, ಮೂರು ಚುಕ್ಕಿ. ಇಬ್ಬರು ಕೂಡಿದ್ರೆ ನಡುವೆ ಗೆರೆ. ಮೂವರೂ ಕೂಡಿದ್ರೆ ಮಾತ್ರ ತ್ರಿಕೋನದ ಒಳಗೆ ಬಣ್ಣ. ಒಬ್ಬೊಬ್ಬರಿಗೂ ಒಂದೊಂದು ಅಕ್ಷರ. ಕೂಡುವವರನ್ನ ಗುಣಿಸಿದ್ರೆ ಸೊನ್ನೆ ಬರೋಲ್ಲ, ಕೂಡದವರನ್ನ ಗುಣಿಸಿದ್ರೆ ಸೊನ್ನೆ.”

“ಕೂಡೋರನ್ನ ಗುಣಿಸೋದಾ? ಒಳ್ಳೇ ಮೇಷ್ಟ್ರಮ್ಮ!”

“ನಾವು ಇಬ್ಬಿಬ್ಬರೇ ಸೇರ್ತೀವಲ್ಲ, ಮೂವರ ಗುಣಲಬ್ಧ ಸೊನ್ನೆ. ಆ ಸೊನ್ನೆಯೇ ನಡುವಿನ ತೂತು.”

ಅವಳ ನಗು ನಿಂತಿತು. “ಅದು ನನ್ನ ಕಿವಿಯಿಂದ ತಾನೇ?”

ಹೌದು. ಇಬ್ಬರು ಎದುರಿಗಿದ್ದರೆ ಟೆನಿಸ್ ಮ್ಯಾಚ್ ನೋಡುವವಳ ಹಾಗೆ ಕತ್ತು ತಿರುಗಿಸಿ ತಿರುಗಿಸಿ ಸೋತು, ಮೂವರು ಸೇರುವುದನ್ನೇ ಅವಳು ಬಿಟ್ಟಿದ್ದಳು. ಈಗ ಕೆಂಗೇರಿಯವಳ ಗಂಟಲಿಗೆ ಆಪರೇಷನ್. ದನಿ ಉಳಿಯುವ ಗ್ಯಾರಂಟಿ ಡಾಕ್ಟರು ಕೊಟ್ಟಿಲ್ಲ.

“ಆಪರೇಷನ್‌ಗೆ ಮುಂಚೆ ಒಂದ್ಸಲ ಇಬ್ಬರೂ ಹೋಗೋಣ ಕಣೇ,” ಅಂದಳು ರಾಜಾಜಿನಗರದವಳು. ನನಗೆ ಮಂಡಿನೋವು, ಅವಳಿಗೆ ಬಿಪಿ. ಆದರೂ ಭಾನುವಾರ ಮೆಟ್ರೋ ಹತ್ತಿದೆವು.

ಕೆಂಗೇರಿಯವಳು ಬಾಗಿಲು ತೆಗೆದು, ಒಡೆದ ದನಿಯಲ್ಲಿ, “ಏನ್ರಮ್ಮಾ, ಇಬ್ಬರೂ ಒಟ್ಟಿಗೆ! ನಾನು ಸತ್ತೇಹೋದೆ ಅಂದ್ಕೊಂಡ್ರಾ?” ಅಂದಳು. ರಾಜಾಜಿನಗರದವಳು ಆಗ ನನ್ನ ಕಡೆ ನೋಡುತ್ತಿದ್ದಳು. ಜೋಕು ತಪ್ಪಿಹೋಯಿತು. ಕೂತ ಮೇಲೂ ಅದೇ ಪಾಡು. ನಾನು ಬಾಯಿ ತೆರೆದರೆ ಕೆಂಗೇರಿಯವಳ ಮಾತು ಅವಳಿಗೆ ತಪ್ಪಿತು, ಕೆಂಗೇರಿಯವಳು ತೆರೆದರೆ ನನ್ನದು. ಇಷ್ಟು ದೂರ ಬಂದದ್ದು ವೇಸ್ಟ್ ಅನ್ನಿಸಿ ನನಗೆ ಅಳುವೇ ಬಂತು.

ಕೊನೆಗೆ ಎದ್ದು ಹೋಗಿ ಕೆಂಗೇರಿಯವಳ ಪಕ್ಕಕ್ಕೆ, ಕೆನ್ನೆಗೆ ಕೆನ್ನೆ ತಾಗುವಷ್ಟು ಒತ್ತಿಕೊಂಡು ಕೂತೆ. ಈಗ ಎರಡು ಮುಖವೂ ಒಂದೇ ನೋಟಕ್ಕೆ ಸಿಕ್ಕವು.

“ಹಾಂ, ಈಗ ಸರಿ,” ಅಂದಳು ಎದುರಿಗಿದ್ದವಳು. “ಒಬ್ಬೊಬ್ಬರಾಗಿ ಬೊಗಳಿ.”

ಬೊಗಳಿದೆವು. ಕಾನ್ವೆಂಟಿನ ಸಿಸ್ಟರ್ ಕೈಲಿ ತಿಂದ ಏಟು, ಸತ್ತ ಗಂಡಂದಿರು, ಎಲ್ಲಾ. ಸ್ವಲ್ಪ ಹೊತ್ತಿಗೆ ಕೆಂಗೇರಿಯವಳ ದನಿ ಪೂರ್ತಿ ಸೋತಿತು. ಆದರೂ ಅವಳು ಮಾತು ನಿಲ್ಲಿಸಲಿಲ್ಲ, ತುಟಿ ಆಡಿಸುತ್ತಲೇ ಇದ್ದಳು. ಎದುರಿಗಿದ್ದವಳು ಹೊಟ್ಟೆ ಹಿಡಿದು ನಗತೊಡಗಿದಳು. ಪಕ್ಕದಲ್ಲಿದ್ದ ನನಗೆ ತುಟಿ ಕಾಣಿಸುತ್ತಿರಲಿಲ್ಲ.

“ಏನಂದ್ಳೇ?” ಅಂತ ಕಿವಿ ಕೇಳದ ಅವಳನ್ನೇ ಕೇಳಿದೆ.