ಅಣ್ಣನ ಬೆನ್ನಿನ ಚಿತ್ರಗಳು

ಸುನ್ನಿವಾ ಹೌಕೋಸ್ ಒಂದು ಕಡೆ ಕೂತವಳಲ್ಲ. ಬೆರ್ಗನ್ ನಗರದ ಕಲಾಶಾಲೆಯಲ್ಲಿ ಛಾಯಾಗ್ರಹಣದ ಸ್ನಾತಕೋತ್ತರ ಪದವಿಗೆ ಸೇರುವ ಮೊದಲು ನರ್ಸಿಂಗ್ ಓದಿ ಅರ್ಧಕ್ಕೆ ಬಿಟ್ಟಿದ್ದಳು, ಬೇಕರಿಯಲ್ಲಿ ದುಡಿದಿದ್ದಳು, ಒಂದು ಚಳಿಗಾಲವಿಡೀ ಉತ್ತರದ ಬಂದರಿನಲ್ಲಿ ಮೀನು ಸೀಳಿದ್ದಳು. ಕ್ಯಾಮೆರಾ ಕೈಗೆ ಬಂದ ಮೇಲೆ ಹುಡುಗಿ ನೆಲೆ ನಿಂತಳು ಎಂದು ಮನೆಯವರು ಸಮಾಧಾನಪಟ್ಟುಕೊಂಡರು. ನೆಲೆ ನಿಂತದ್ದು ಕ್ಯಾಮೆರಾ ಮಾತ್ರ. ಅದರ ಹಿಂದಿನ ಜೀವ ಹಾಗೇ ಚಡಪಡಿಸುತ್ತಿತ್ತು.

ಅವಳು ಮೊದಲ ವರ್ಷದಲ್ಲಿದ್ದಾಗ ಅಣ್ಣ ಟೋರ್ಲೈವ್‌ನ ದೋಣಿ ಬಿರುಗಾಳಿಗೆ ಮಗುಚಿತು. ಜೊತೆಗಾರ ಮಾಗ್ನೆ ನೀರುಪಾಲಾದ. ಟೋರ್ಲೈವ್ ಬಂಡೆ ತಬ್ಬಿಕೊಂಡು ಉಳಿದ. ಆಮೇಲೆ ಅವನು ಕಡಲಿಗೆ ಇಳಿಯಲಿಲ್ಲ. ಮನೆಯಿದ್ದ ದ್ವೀಪದಲ್ಲೇ, ಸಾಲ್ಮನ್ ಶೆಡ್ಡಿನಲ್ಲಿ ಮೀನಿಗೆ ಮಂಜುಗಡ್ಡೆ ತುಂಬುವ ಕೆಲಸ ಹಿಡಿದ. ಸುನ್ನಿವಾ ಸುದ್ದಿ ತಿಳಿದ ಕೂಡಲೇ ಮನೆಗೆ ಬಂದಳು. ಬಂದವಳೇ ಅವನ ಚಿತ್ರ ತೆಗೆಯತೊಡಗಿದಳು. ಅಣ್ಣ ಕಿಟಕಿಯ ಬಳಿ, ಅಣ್ಣ ಬಂದರಿನ ಧಕ್ಕೆಯ ಮೇಲೆ, ಅಣ್ಣ ಒಲೆಯ ಮುಂದೆ. ಅವನು ಬೇಡ ಅನ್ನಲಿಲ್ಲ. ಅದೇ ಅವಳ ಪದವಿಯ ಕೆಲಸವಾಗಿ ಬೆಳೆಯಿತು.

ಎರಡನೆಯ ವರ್ಷ, ಪದವಿಯ ಕೊನೆಯ ಪ್ರದರ್ಶನ ಹತ್ತಿರವಾದಾಗ, ಚಿತ್ರಗಳನ್ನೆಲ್ಲ ತರಗತಿಯ ಗೋಡೆಗೆ ಅಂಟಿಸಿ ವಿಮರ್ಶೆಗೆ ಕೂತರು. ಅಧ್ಯಾಪಕಿ ರಾಂಗ್‌ಹಿಲ್ಡ್ ಬೆಳಕನ್ನು ಹೊಗಳಿದರು, ಮೌನವನ್ನು ಹೊಗಳಿದರು. ಕೊನೆಗೆ ಮಾತಾಡಿದ್ದು ಸಹಪಾಠಿ, ಫಿನ್ಲೆಂಡಿನ ಔಕುಸ್ತಿ. ಅಪರೂಪಕ್ಕೆ ಬಾಯಿ ಬಿಡುವವನು.

"ಒಂದು ಕೇಳ್ಲಾ, ಸುನ್ನಿವಾ? ಇವ್ನು ಒಂದರಲ್ಲೂ ನಿನ್ನ ಕಡೆ ತಿರುಗಿಲ್ವಲ್ಲ. ನಿಂಗೆ ಅವ್ನ ಬೆನ್ನು ಇಷ್ಟಾನಾ, ಇಲ್ಲ ಅವ್ನಿಗೆ ನೀನು ಬೇಡ್ವಾ?"

ಇಡೀ ಕೆಲಸದ ಶಕ್ತಿಯೇ ಅದರಲ್ಲಿದೆ ಎಂದು ರಾಂಗ್‌ಹಿಲ್ಡ್ ತೀರ್ಪು ಕೊಟ್ಟರು. ಸುನ್ನಿವಾಳ ಕಿವಿಗೆ ಅದು ಬೀಳಲಿಲ್ಲ.

ಕ್ಯಾಂಟೀನಿನಲ್ಲಿ ಅವಳು ಔಕುಸ್ತಿಯ ಮೇಲೆ ಹರಿಹಾಯ್ದಳು. ಎರಡು ವರ್ಷದಿಂದ ಹೆಪ್ಪುಗಟ್ಟಿದ ಕೆರೆಗಳ ಚಿತ್ರವನ್ನೇ ತೆಗೆಯುತ್ತಿರುವವನಿಗೆ ಮನುಷ್ಯರ ವಿಷಯ ಏನು ಗೊತ್ತು ಎಂದಳು. ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕೇಳಿಸಿಕೊಂಡ.

"ಗೊತ್ತಿಲ್ಲ ಅಂತ್ಲೇ ಕೆರೆ ತೆಗೀತೀನಿ," ಎಂದ. "ಕೆರೆ ಬೇಡ ಅನ್ನಲ್ಲ. ಅದು ಹೆದರಿಕೆ ಕಣೆ, ಕಲೆ ಗಿಲೆ ಏನಲ್ಲ. ನಿಂದೂ ಅಷ್ಟೇ ಏನೋ ಅನ್ನಿಸ್ತು, ಅಂದೆ."

ಆ ವಾರವೆಲ್ಲ ಅವಳು ಚಿತ್ರಗಳನ್ನು ಗೋಡೆಯಿಂದ ಕಿತ್ತು ಬೇರೆ ರೀತಿ ಜೋಡಿಸಿದಳು. ಮತ್ತೆ ಕಿತ್ತಳು. ಶನಿವಾರ ಮೊದಲ ದೋಣಿ ಹಿಡಿದು ಊರಿಗೆ ಹೋದಳು. ಟೋರ್ಲೈವ್ ಕಾಫಿ ಇಟ್ಟು, ಕಂದು ಚೀಸ್ ಹೆರೆದು ಅವಳ ಮುಂದೆ ತಳ್ಳಿದ. ಅವಳು ಚಿತ್ರಗಳನ್ನು ಮೇಜಿನ ಮೇಲೆ ಹರಡಿದಳು. ಅವನು ನೋಡಿದ, ಒಂದೊಂದನ್ನೂ ನೋಡಿದ.

"ಚೆನ್ನಾಗಿವೆ," ಎಂದ. ಆಮೇಲೆ ಕಾಫಿ ಸುರಿಯುತ್ತ, "ಅವತ್ತು ನೀನು ಬಂದ್ಯಲ್ಲ, ನಾನು ಏನಾದ್ರೂ ತಿಂದ್ನಾ ಅಂತ ಕೇಳ್ಲಿಲ್ಲ. ಚೀಲ ಬಿಚ್ಚಿ ಕ್ಯಾಮೆರಾ ತೆಗ್ದೆ."

ಅವತ್ತು ಅವನ ಮುಖ ನೋಡುವ ಧೈರ್ಯವಿರಲಿಲ್ಲ, ಕೈಯಲ್ಲಿ ಏನನ್ನಾದರೂ ಹಿಡಿದುಕೊಳ್ಳಬೇಕಿತ್ತು ಎಂದು ಸುನ್ನಿವಾ ತಡವರಿಸಿ ಹೇಳಿದಳು. ಅದು ನನಗೂ ಗೊತ್ತಾಗಿತ್ತು, ಅದಕ್ಕೇ ಬೇಡ ಅನ್ನಲಿಲ್ಲ ಎಂದ ಅವನು. ನಂತರ ಒಂದು ಚಿತ್ರದ ಮೇಲೆ ಬೆರಳಿಟ್ಟ. ದೋಣಿ ಇಡುವ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ ಮಾಗ್ನೆಯ ಹಳದಿ ಮಳೆಕೋಟು. ಕೆಳಗೆ ಸುನ್ನಿವಾ ಅವನ ಹೆಸರು ಬರೆದಿದ್ದಳು.

"ಇದನ್ನ ಬೋರ್ಗಿಲ್ಡ್‌ಗೆ ತೋರ್ಸಿದ್ಯಾ?"

ಬೋರ್ಗಿಲ್ಡ್ ಮಾಗ್ನೆಯ ತಾಯಿ. ಗುಡ್ಡದ ಆಚೆ ಬದಿಗೆ ಮನೆ. ಸುನ್ನಿವಾ ತೋರಿಸಿರಲಿಲ್ಲ. ಚಿತ್ರ ಹಿಡಿದು ಆಗಲೇ ಹೊರಟಳು, ದಾರಿಯಲ್ಲಿ ಎರಡು ಸಲ ಹಿಂದಿರುಗಲು ನೋಡಿದಳು. ಮುದುಕಿ ಬಾಗಿಲು ತೆರೆದು ಒಳಗೆ ಕರೆದಳು, ಕನ್ನಡಕ ಹಾಕಿಕೊಂಡಳು, ಚಿತ್ರವನ್ನು ಬೆಳಕಿಗೆ ಹಿಡಿದಳು. ತೋಳಿನ ಹತ್ತಿರದ ತೇಪೆ ತಾನೇ ಹಾಕಿದ್ದು ಎಂದಳು. ಸುನ್ನಿವಾ ಕುರ್ಚಿಯ ತುದಿಯಲ್ಲಿ ಕೂತು, ಬೇಡವಾದರೆ ಪ್ರದರ್ಶನದಿಂದ ತೆಗೆದುಬಿಡುತ್ತೇನೆ ಎಂದು ಮತ್ತೆ ಮತ್ತೆ ಹೇಳಿದಳು.

"ಸ್ವಲ್ಪ ಸುಮ್ನಿರು ಮಗು," ಎಂದಳು ಬೋರ್ಗಿಲ್ಡ್. "ಹಾಕು. ಆದ್ರೆ ಹೆಸರು ಬೇಡ. ಹೆಸರಿಲ್ದಿದ್ರೆ ಜನ ಕೋಟು ನೋಡ್ತಾರೆ. ಹೆಸರಿದ್ರೆ ಅಂಗಡೀಲಿ ನನ್ನ ಮುಖ ನೋಡ್ತಾರೆ. ನಂಗೂ ಒಂದು ಕೊಡು, ದೊಡ್ಡದಾಗಿ."

ಸುನ್ನಿವಾ ಶಾಲೆಗೆ ಮರಳಿ ಹೆಸರು ಅಳಿಸಿದಳು. ಅಣ್ಣನ ಚಿತ್ರಗಳಲ್ಲಿ, ಅವನನ್ನೇ ಕೇಳಿ, ಅವನು ಒಪ್ಪಿದ ಮೂರನ್ನಷ್ಟೇ ಉಳಿಸಿಕೊಂಡಳು. ಅಷ್ಟು ದೊಡ್ಡ ಗೋಡೆಗೆ ಇಷ್ಟೇನಾ ಎಂದು ರಾಂಗ್‌ಹಿಲ್ಡ್ ಬೇಸರಪಟ್ಟರು. ಪರೀಕ್ಷಕರೂ ಕೆಲಸ ತೆಳುವಾಗಿದೆ ಅಂದರು. ಪಾಸು ಮಾಡಿದರು, ಮೆಚ್ಚಲಿಲ್ಲ. ಉದ್ಘಾಟನೆಯ ದಿನ ಅವಳು ಬಾಗಿಲಿಗೂ ಗೋಡೆಗೂ ಓಡಾಡುತ್ತ ಟೋರ್ಲೈವ್‌ನ ದಾರಿ ಕಾದಳು. ಅವನು ಬರಲಿಲ್ಲ. ಫೋನು ಮಾಡಿ, ಶೆಡ್ಡಿನಲ್ಲಿ ಕೆಲಸ ಹೆಚ್ಚಿತ್ತು ಎಂದ. ಆಮೇಲೆ, ಅಲ್ಲಿ ತಿನ್ನೋಕೆ ಏನು ಕೊಟ್ಟರು ಎಂದು ಕೇಳಿದ. ಒಣಗಿದ ಬಿಸ್ಕತ್ತು ಎಂದಳು. ಇಬ್ಬರೂ ನಕ್ಕರು. ಆ ದುರಂತದ ನಂತರ ಅವರು ಜೊತೆಯಾಗಿ ನಕ್ಕದ್ದು ಅವಳಿಗೆ ನೆನಪಿರಲಿಲ್ಲ.

ಈಗ ಸುನ್ನಿವಾ ಶಾಲೆಯಿಂದ ಶಾಲೆಗೆ ಅಲೆಯುತ್ತ ಮಕ್ಕಳ ವಾರ್ಷಿಕ ಫೋಟೋ ತೆಗೆಯುತ್ತಾಳೆ. ಮಕ್ಕಳು ನೇರ ಅವಳ ಕಣ್ಣನ್ನೇ ನೋಡುತ್ತಾರೆ. ಮೊದಮೊದಲು ಅದಕ್ಕೆ ಅವಳು ಕಂಗಾಲಾದಳು. ಒಮ್ಮೆ ಇದೇ ಸಾಕು ಅನ್ನಿಸುತ್ತದೆ, ಮರುದಿನ ಎಲ್ಲ ಬಿಟ್ಟು ಮತ್ತೇನೋ ಹುಡುಕಬೇಕು ಅನ್ನಿಸುತ್ತದೆ. ಔಕುಸ್ತಿ ಕೆರೆಗಳನ್ನು ಬಿಟ್ಟು ತನ್ನ ತಂದೆಯ ಚಿತ್ರ ತೆಗೆಯಲು ಹೊರಟಿದ್ದಾನಂತೆ. ಮುದುಕ ಮೊದಲ ದಿನವೇ ಬೈದು ಕಳಿಸಿದನೆಂದು ಬರೆದಿದ್ದ. ಬಿಡಬೇಡ, ಮತ್ತೆ ಹೋಗು ಎಂದು ಇವಳು ಉತ್ತರಿಸಿದಳು. ಕಳಿಸಿದ ಮೇಲೆ, ಹಾಗೆ ಹೇಳಬಾರದಿತ್ತೇನೋ ಎಂಬ ಅನುಮಾನ ಅವಳನ್ನು ದಿನವಿಡೀ ಕಾಡಿತು.